‘ಹಿಂದಿನಿಂದ ಬಂದ ಪದ್ಧತಿ’ ಅಂತಾರಲ್ಲ, ಎಷ್ಟು ಹಿಂದಿನಿಂದ? ಹಾಸನದ ಒಂದು ಕಲ್ಲಿನ ಲೆಕ್ಕ

ಬೆಂಗಳೂರಲ್ಲಿ ‘ನಾನು ಹಾಸನದವನು’ ಅಂದ ತಕ್ಷಣ ಎದುರಿನವರು ಎರಡರಲ್ಲೊಂದು ಮಾತು ಹೇಳ್ತಾರೆ. ಒಂದೋ ‘ಓ, ಗೌಡರ ಊರು’ ಅಂತ. ಇಲ್ಲಾಂದ್ರೆ ಅಯ್ಯಂಗಾರ್ ಬೇಕರಿ ವಿಷಯ. ಎರಡೂ ಸುಳ್ಳಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಶಾಸಕರಾದರು, 1996ರಲ್ಲಿ ಪ್ರಧಾನಿಯಾದರು. ಅಲ್ಲಿಂದಾಚೆ ನಮ್ಮ ಜಿಲ್ಲೆಯ ಕಥೆ ಅಂದರೆ ಒಂದು ಮನೆಯ ಕಥೆ, ಬಹಳ ಅಂದರೆ ಒಂದು ಜಾತಿಯ ಕಥೆ ಎಂಬಂತಾಗಿದೆ. ಚುನಾವಣೆ ಬಂದಾಗ ಟಿವಿಯವರು ಬಂದು ಹೋಗುತ್ತಾರೆ, ಆ ಕಥೆಯನ್ನೇ ಇನ್ನೊಮ್ಮೆ ಹೇಳುತ್ತಾರೆ.

ಆ ಕಥೆಯಲ್ಲಿ ಜಾಗ ಸಿಗದ ಎರಡು ಊರುಗಳಿವೆ. ಒಂದು, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿ. 2015ರಲ್ಲಿ ಅಲ್ಲಿನ ದಲಿತ ಮಹಿಳೆಯರು ಬಸವೇಶ್ವರ ದೇವಸ್ಥಾನದೊಳಗೆ ಕಾಲಿಟ್ಟಿದ್ದಕ್ಕೆ ದಂಡ ಹಾಕಿದ ಸುದ್ದಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಆಮೇಲೆ ಊರಿಗೆ ಪೊಲೀಸರು, ಅಧಿಕಾರಿಗಳು, ಶಾಂತಿ ಸಭೆ. ಇನ್ನೊಂದು, ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರು. ಅಲ್ಲಿ 2021ರಲ್ಲಿ ಅಧಿಕಾರಿಗಳು ಮತ್ತು ಪೊಲೀಸರ ಸಮ್ಮುಖದಲ್ಲಿ ದಲಿತರು ಊರ ದೇವಸ್ಥಾನಗಳನ್ನು ಪ್ರವೇಶಿಸಿದರು. ಸಂವಿಧಾನದ 17ನೇ ವಿಧಿ ಜಾರಿಗೆ ಬಂದು ಆಗ 71 ವರ್ಷ ಆಗಿತ್ತು.

ಇಂಥ ಜಗಳ ಎಲ್ಲೇ ಆಗಲಿ, ಒಂದು ಮಾತು ಬಂದೇ ಬರುತ್ತೆ: ‘ನಾವೇನು ಹೊಸದಾಗಿ ಮಾಡಿದ್ದಲ್ಲ, ಇದು ಹಿಂದಿನಿಂದ ಬಂದ ಪದ್ಧತಿ.’ ಕಾನೂನು ಗೊತ್ತಿರುವವರು ಇದಕ್ಕೆ ಕಾನೂನಿನ ಉತ್ತರ ಕೊಡುತ್ತಾರೆ. ಆದರೆ ‘ಹಿಂದಿನಿಂದ’ ಅನ್ನುವ ಭಾಗವನ್ನು ಯಾರೂ ಪ್ರಶ್ನಿಸಲ್ಲ. ನಾನು ನಾಲ್ಕು ವರ್ಷ ಸಿವಿಲ್ ಎಂಜಿನಿಯರಿಂಗ್ ಓದಿದವನು. ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ, ಒಂದು ಚಟ ಮಾತ್ರ ಉಳಿದಿದೆ. ಯಾರಾದರೂ ‘ಇಷ್ಟು ಎತ್ತರ’ ಅಂದರೆ ‘ಎಲ್ಲಿಂದ ಅಳೆದಿರಿ?’ ಅಂತ ಕೇಳುವುದು. ಸರ್ವೆ ಮಾಡುವವರು ಲೆವೆಲ್ ತೆಗೆಯುವ ಮೊದಲು ಬೆಂಚ್‌ಮಾರ್ಕ್ ಹುಡುಕುತ್ತಾರಲ್ಲ, ಹಾಗೆ.

ದಿಂಡಗೂರಿನ ತಾಲ್ಲೂಕಿನಲ್ಲೇ ಅಂಥದ್ದೊಂದು ಗುರುತಿನ ಕಲ್ಲು ಇದೆ. ಶ್ರವಣಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತುತ್ತಾರೆ, ಚಾವುಂಡರಾಯ ಮಾಡಿಸಿದ ಗೊಮ್ಮಟನನ್ನು ನೋಡಿ ಇಳಿಯುತ್ತಾರೆ. ಕೆಳಗೆ ಊರೊಳಗೆ ಭಂಡಾರಿ ಬಸದಿ ಇದೆ, ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು. ಬೆಳಗೊಳ ಮತ್ತು ಸುತ್ತಮುತ್ತ ಸಿಕ್ಕಿರುವ 573 ಶಾಸನಗಳಲ್ಲಿ 1368ರ ಒಂದು ಅಲ್ಲಿದೆ. ವಿಜಯನಗರದ ಬುಕ್ಕರಾಯನ ಕಾಲದ್ದು. ‘ಧರ್ಮಸಾಮರಸ್ಯದ ಶಾಸನ’ ಅಂತ ಪಠ್ಯಪುಸ್ತಕಗಳಲ್ಲಿ ಒಂದು ಸಾಲು ಓದಿರುತ್ತೀರಿ. ನಿಜಕ್ಕೂ ಅದು ಒಂದು ವ್ಯಾಜ್ಯದ ತೀರ್ಪು.

ವ್ಯಾಜ್ಯ ಏನಪ್ಪಾ ಅಂದರೆ: ಆನೆಗೊಂದಿ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು, ಶ್ರೀವೈಷ್ಣವರು ನಮಗೆ ಅನ್ಯಾಯ ಮಾಡುತ್ತಿದ್ದಾರೆ ಅಂತ ಅರಸನ ಬಳಿ ದೂರು ಒಯ್ದರು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕಿನ ಪ್ರಶ್ನೆ ಅದು. ಯಾರ ಮೆರವಣಿಗೆಯಲ್ಲಿ ವಾದ್ಯ ಬಾರಿಸಬಹುದು, ಯಾರದ್ದರಲ್ಲಿ ಬಾರಿಸಬಾರದು ಅನ್ನೋ ಜಗಳ. (ನಿಮಗೆ ಇದು ಎಲ್ಲೋ ಕೇಳಿದ ಹಾಗಿದ್ದರೆ ಆಶ್ಚರ್ಯ ಇಲ್ಲ.) ಬುಕ್ಕರಾಯ ಎರಡೂ ದರ್ಶನಗಳಲ್ಲಿ ಭೇದ ಇಲ್ಲ ಎಂದ. ವಾದ್ಯ ಮತ್ತು ಕಲಶ ಜೈನರಿಗೂ ಸಲ್ಲುತ್ತದೆ ಎಂದ. ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ.

ಅಷ್ಟಕ್ಕೇ ಬಿಟ್ಟಿದ್ದರೆ ಅದೂ ಒಂದು ಶಾಂತಿ ಸಭೆ ಆಗುತ್ತಿತ್ತು. ಆದರೆ ತೀರ್ಪಿನಲ್ಲಿ ಜಾರಿಯ ವ್ಯವಸ್ಥೆಯೂ ಇದೆ. ರಾಜ್ಯದಲ್ಲಿರುವ ಪ್ರತಿ ಜೈನ ಮನೆಯೂ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕಿದ್ದರಲ್ಲಿ ಹಳೆಯ ಬಸದಿಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು. ಕಾವಲು ನೇಮಿಸುವ ಹೊಣೆ ಯಾರದ್ದು? ತಿರುಮಲೆಯ ತಾತಯ್ಯನದ್ದು, ಅಂದರೆ ಆರೋಪ ಹೊತ್ತ ಶ್ರೀವೈಷ್ಣವರ ಕಡೆಯವನದ್ದೇ. ನನಗಂತೂ ಇದು ಇಡೀ ಶಾಸನದ ಅತ್ಯಂತ ಬುದ್ಧಿವಂತ ಭಾಗ ಅನಿಸುತ್ತೆ. ಯಾರ ಮೇಲೆ ದೂರೋ ಅವರ ಹೆಗಲಿಗೇ ಕಾವಲಿನ ಜವಾಬ್ದಾರಿ.

ಇನ್ನು, ಜೈನರ ಕೈಯನ್ನು ಯಾರ ಕೈಯಲ್ಲಿಟ್ಟ? ಶಾಸನ ಪಟ್ಟಿ ಕೊಡುತ್ತದೆ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ಅದು ಶುರುವಾಗುತ್ತೆ. ಕೆಳಗೆ ಬರುತ್ತಾ ಬರುತ್ತಾ ಕೊನೆಯ ಭಾಗದಲ್ಲಿ ಎರಡು ಹೆಸರುಗಳಿವೆ: ತಿರುಕುಲ, ಜಾಂಬವಕುಲ. ಈ ಎರಡು ಕುಲಗಳೂ ಒಳಗೊಂಡ ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಎಂಬುದು ಕಲ್ಲಿನ ಮಾತಿನ ತಾತ್ಪರ್ಯ.

ತಿರುಕುಲ ಅಂದರೆ ಹೊಲೆಯರು, ಜಾಂಬವಕುಲ ಅಂದರೆ ಮಾದಿಗರು. ತಿರುಕುಲ ಎಂಬ ಹೆಸರನ್ನು ರಾಮಾನುಜರು ಮೇಲುಕೋಟೆಯಲ್ಲಿ ಕೊಟ್ಟರು ಎಂಬ ಐತಿಹ್ಯ ಇದೆ. ಐತಿಹ್ಯವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ 1368ರಲ್ಲಿ ಈ ಸೀಮೆಯ ಒಂದು ದೊಡ್ಡ ಧಾರ್ಮಿಕ ಒಪ್ಪಂದದಲ್ಲಿ ಇವತ್ತಿನ ದಲಿತರ ಪೂರ್ವಿಕರು ಒಪ್ಪಂದದ ಒಂದು ಪಕ್ಷವಾಗಿ ಎಣಿಕೆಯಲ್ಲಿದ್ದರು ಎಂಬುದಕ್ಕೆ ಕಲ್ಲೇ ಇದೆ.

ಇಲ್ಲಿ ಅವಸರ ಬೇಡ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅವರು ಸಮಾನರಾಗಿದ್ದರು ಅಂತಲ್ಲ. ಹೆಸರು ಕೊನೆಗೆ ಬಂದಿದೆ, ಸುಮ್ಮನೆ ಬಂದಿಲ್ಲ. ಮೇಲುಕೋಟೆ, ಬೇಲೂರಿನಂಥ ಕಡೆ ತಿರುಕುಲದವರಿಗೆ ಗುಡಿಯೊಳಗೆ ಬರುವ ಹಕ್ಕು ಇತ್ತು, ನಿಜ. ಆದರೆ ವರ್ಷದಲ್ಲಿ ನಿಗದಿಯಾದ ದಿನಗಳಲ್ಲಿ ಮಾತ್ರ. ‘ನಮ್ಮಲ್ಲಿ ಹಿಂದೆ ಭೇದಭಾವವೇ ಇರಲಿಲ್ಲ, ಎಲ್ಲಾ ಬ್ರಿಟಿಷರು ತಂದದ್ದು’ ಅನ್ನುವವರಿಗೆ ಈ ಕಲ್ಲು ಸಾಕ್ಷಿ ಹೇಳಲ್ಲ. ‘ಅವರು ಯಾವತ್ತೂ ಹೊರಗೇ ಇದ್ದವರು’ ಅನ್ನುವವರಿಗೂ ಹೇಳಲ್ಲ. ಅದು ಹೇಳುವುದು ಇಷ್ಟೇ: ಪದ್ಧತಿ ಅನ್ನೋದು ಜಗಳ ಆಗಿ, ಮಾತುಕತೆ ಆಗಿ, ಬರೆದುಕೊಂಡದ್ದು. ಬದಲಾಗಿದೆ, ಹಲವು ಸಲ.

ಸುತ್ತಲಿನ ತಾಲ್ಲೂಕುಗಳನ್ನು ನೋಡಿದರೂ ಅಷ್ಟೇ, ‘ಮೂಲದಿಂದ ನಾವೇ’ ಅನ್ನುವಂಥವರು ಕಡಿಮೆ. ಚನ್ನರಾಯಪಟ್ಟಣ ಅನ್ನುವ ಹೆಸರೇ ಸುಮಾರು 1600ರದ್ದು. ಅದಕ್ಕೂ ಮೊದಲು ಆ ಊರು ಕೊಳತೂರು. ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಅದನ್ನು ಹಿಡಿದು, ಮಗ ಚನ್ನರಾಯನಿಗೆ ಕೊಟ್ಟ, ಹೆಸರು ಬದಲಾಯಿತು. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯನ್ನು 1246ರಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋದರೆ ಕಾವೇರಿ ದಂಡೆಯ ಸಂಕೇತಿಗಳು ಮನೆಯಲ್ಲಿ ಆಡುವುದು ತಮಿಳು, ಮಲಯಾಳ, ಕನ್ನಡ ಬೆರೆತ ಮಾತು. ಸೆಂಗೋಟೆ ಕಡೆಯಿಂದ, ನಾಚಾರಮ್ಮ ಎಂಬ ಹೆಣ್ಣಿಗಾದ ಅವಮಾನದ ಕಾರಣ ಹೊರಟು ಬಂದೆವು ಅಂತ ಅವರೇ ಹೇಳಿಕೊಳ್ಳುವ ಕಥೆ. ಹೀಗೆ ವಲಸೆ ಬಂದವರ ಊರೇ ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತಗಾರರನ್ನು ಕೊಟ್ಟು ಕರ್ನಾಟಕ ಸಂಗೀತದ ನಕಾಶೆಯಲ್ಲಿ ಕೂತಿತು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಗಡಿ ವ್ಯಾಜ್ಯ ಬಂದರೆ ಕೊನೆಯ ಮಾತು ಯಾರದ್ದು ಗೊತ್ತೇ? ಕುಳವಾಡಿಯದ್ದು, ಅಂದರೆ ಊರ ಹೊಲೆಯನದ್ದು. ಮೈಸೂರಿನಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿ 1873ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇದನ್ನು ಬರೆದಿದ್ದಾನೆ. ಊರಿನ ಗಡಿ ಎಲ್ಲಿದೆ ಅಂತ ತೋರಿಸುವ ಅಧಿಕಾರ ಊರಾಚೆ ಇರಿಸಿದವನ ಕೈಯಲ್ಲಿ! ಕೆರೆ ನೀರು ಯಾರ ಗದ್ದೆಗೆ ಎಷ್ಟು ಅಂತ ತೂಬು ಎತ್ತಿ ಬಿಡುತ್ತಿದ್ದ ನೀರಗಂಟಿಯೂ ನಮ್ಮ ಕಡೆ ಸಾಮಾನ್ಯವಾಗಿ ಅದೇ ಕೇರಿಯವನು. ಊರಿನ ನೆಲ, ನೀರು ಎರಡರ ಲೆಕ್ಕವೂ ಅವರಿಗೆ ಬಾಯಿಪಾಠ. ಆದರೆ ಆ ನೆಲ ಅವರದ್ದಲ್ಲ.

ಆ ನೆಲದ ಲೆಕ್ಕ ಕಳೆದ ಶತಮಾನದಲ್ಲಿ ಮತ್ತೆ ಎರಡು ಸಲ ಕದಲಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಒಡೆಯರಾದರು. ಅಷ್ಟು ಹೊತ್ತಿಗೆ ಅಗ್ರಹಾರದವರು ಬಹುಪಾಲು ಮೈಸೂರು, ಬೆಂಗಳೂರು ಸೇರುತ್ತಿದ್ದರು, ಬೇಕರಿ ಕಥೆಯೂ ಆ ವಲಸೆಯ ಒಂದು ಎಳೆ. ಗೇಣಿ ಮಾಡುತ್ತಿದ್ದ ಒಕ್ಕಲಿಗರಿಗೆ ಅದು ಸ್ವಾತಂತ್ರ್ಯವೇ ಸರಿ, ಅದನ್ನು ಕಡಿಮೆ ಮಾಡಿ ಹೇಳಲ್ಲ. ಆದರೆ ಗೇಣಿದಾರ ಅಂತ ಕಾಗದದಲ್ಲಿ ಇಲ್ಲದ ಕೂಲಿಯವನಿಗೆ ಫಾರಂ ತುಂಬೋಕೆ ಏನಿತ್ತು? ಆಮೇಲೆ ಗೊರೂರಿನ ಅಣೆಕಟ್ಟು, 1979. 37 ಟಿಎಂಸಿ ನೀರು ನಿಂತಿತು, ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತೆ, ಅಲ್ಲಿ ಈಗ ಪ್ರಿವೆಡ್ಡಿಂಗ್ ಶೂಟಿಂಗ್ ಜೋರು. ಮುಳುಗಿದ ಊರಿನವರಿಗೆ ಹಾಸನದಲ್ಲಿ ‘ಎಚ್‌ಆರ್‌ಪಿ ಸಂತ್ರಸ್ತರು’ ಅಂತ ಹೆಸರು, ಅವರ ಭೂಮಿಯ ಫೈಲುಗಳದ್ದು ಬೇರೆಯೇ ಪುರಾಣ. ನಾಲೆ ನೀರು ಹರಿದ ಕಡೆ ಜಮೀನಿದ್ದವರು ಬೆಳೆದರು. ಜಮೀನು ಯಾರಿಗಿತ್ತು ಅನ್ನೋದು ಮೇಲಿನ ಪ್ಯಾರಾದಲ್ಲೇ ಇದೆ.

ಈಗ ‘ಹಿಂದಿನಿಂದ ಬಂದ ಪದ್ಧತಿ’ಗೆ ವಾಪಸ್ ಬನ್ನಿ. ಸಿಗರನಹಳ್ಳಿಯಲ್ಲೋ ದಿಂಡಗೂರಿನಲ್ಲೋ ಗುಡಿ ಬಾಗಿಲಲ್ಲಿ ತಡೆಯುವ ಬಲ ಎಲ್ಲಿಂದ ಬಂತು ಅಂತ ಕೇಳಿದರೆ, ಉತ್ತರದ ದೊಡ್ಡ ಪಾಲು ಹೊಯ್ಸಳರ ಹತ್ತಿರ ಇಲ್ಲ, ಪಹಣಿಯಲ್ಲಿದೆ. 2011ರ ಜನಗಣತಿ ಪ್ರಕಾರ ಜಿಲ್ಲೆಯ ಜನಸಂಖ್ಯೆ 17,76,421. ಅದರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ನಾಳೆ ಬೆಳಗ್ಗೆ ಯಾರ ಹೊಲದಲ್ಲಿ ಕೂಲಿ ಸಿಗಬೇಕು, ಯಾರ ಡೇರಿಗೆ ಹಾಲು ಹಾಕಬೇಕು ಅನ್ನುವ ಚಿಂತೆ ಇರುವವರು ಗುಡಿಯ ಬಾಗಿಲಲ್ಲಿ ಜೋರು ಮಾತಾಡುವುದು ಸುಲಭವಲ್ಲ. 2015ರಲ್ಲಿ ಒಳಗೆ ಹೋದ ಆ ಹೆಂಗಸರು ಅಂಥಾದ್ದನ್ನೇ ಮಾಡಿದರು.

ಅಧಿಕಾರಿಗಳು ಬಂದು ಪ್ರವೇಶ ಮಾಡಿಸುತ್ತಾರೆ, ಫೋಟೋ ಆಗುತ್ತೆ, ಸಂಜೆ ಜೀಪು ಹೊರಡುತ್ತೆ. ಬುಕ್ಕರಾಯನ ತೀರ್ಪಿನಲ್ಲಿ ಕಾವಲಿಗೆ ಎಷ್ಟು ಜನ, ದುಡ್ಡು ಎಲ್ಲಿಂದ, ಹೊಣೆ ಯಾರದ್ದು ಅಂತ ಇತ್ತು. ಮುರಿದವನನ್ನು ಏನೆನ್ನಬೇಕು ಅಂತಲೂ ಇತ್ತು: ಅವನು ರಾಜನಿಗೆ ದ್ರೋಹಿ, ಸಂಘಕ್ಕೆ ದ್ರೋಹಿ, ಸಮುದಾಯಕ್ಕೆ ದ್ರೋಹಿ. ಸಮುದಾಯ ಅನ್ನೋ ಪದವನ್ನು ನಮ್ಮ ರಾಜಕಾರಣಿಗಳು ಭಾಷಣದಲ್ಲಿ ಹತ್ತು ಸಲ ಹೇಳುತ್ತಾರೆ, ಪ್ರತಿ ಸಲವೂ ಅರ್ಥ ‘ನಮ್ಮ ಜಾತಿಯವರು’. ಕಲ್ಲಿನಲ್ಲಿ ಅದೇ ಪದ ಇದೆ. ಚನ್ನರಾಯಪಟ್ಟಣದಿಂದ ಬೆಳಗೊಳಕ್ಕೆ ಬಸ್ಸಿದೆ. ಬೆಟ್ಟ ಹತ್ತೋ ಮೊದಲು ಭಂಡಾರಿ ಬಸದಿಗೆ ಹೋಗಿ ಕೇಳಿ.