ಇಪ್ಪತ್ತಮೂರನೆಯ ಮೂಲ

1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಮುಂದೆ 201 ಅಂಕಿಗಳ ಸಂಖ್ಯೆಯೊಂದನ್ನು ಇಟ್ಟು ಅದರ 23ನೆಯ ಮೂಲವನ್ನು ಕೇಳಲಾಯಿತು. ಯಾವ ಸಂಖ್ಯೆಯನ್ನು 23 ಸಲ ಬರೆದು ಗುಣಿಸಿದರೆ ಆ ಮಹಾಸಂಖ್ಯೆ ಬರುತ್ತದೆ ಎಂಬುದು ಪ್ರಶ್ನೆ. 50 ಸೆಕೆಂಡುಗಳಲ್ಲಿ ಉತ್ತರ ಬಂತು: 54,63,72,891.

ವರ್ಗಮೂಲ, ಘನಮೂಲಗಳನ್ನು ಅಂಕಿ ಅಂಕಿಯಾಗಿ ಬಿಡಿಸುವ ಕ್ರಮವನ್ನು ಕ್ರಿ.ಶ. 499ರ ‘ಆರ್ಯಭಟೀಯ’ವೇ ಹೇಳಿದೆ. ಅದಕ್ಕಿಂತ ಮೇಲಿನ ಮೂಲಗಳಿಗೆ ಶಾಲೆಯಲ್ಲಿ ಕಲಿಸುವ ದಾರಿ ಅವಿಭಾಜ್ಯ ಅಪವರ್ತನ. 17,08,59,375 ಎಂಬ ಸಂಖ್ಯೆಯನ್ನು ಒಡೆದರೆ ಏಳು 3ಗಳು, ಏಳು 5ಗಳು ಸಿಗುತ್ತವೆ. ಆದ್ದರಿಂದ ಅದರ ಏಳನೆಯ ಮೂಲ 15. ಗುಂಪು ಪೂರ್ಣವಾಗದಿದ್ದರೆ ಉಳಿಕೆ ಮೂಲಚಿಹ್ನೆಯ ಒಳಗೇ ನಿಲ್ಲುತ್ತದೆ. 96ರಲ್ಲಿ ಐದು 2ಗಳೂ ಒಂಟಿ 3ವೂ ಇರುವುದರಿಂದ ಅದರ ಐದನೆಯ ಮೂಲ, 3ರ ಐದನೆಯ ಮೂಲದ ಎರಡರಷ್ಟು. ಕರಣಿಯನ್ನು, ಅಂದರೆ ಹೀಗೆ ಪೂರ್ತಿ ಬಿಡದ ಮೂಲವನ್ನು, ಸರಳರೂಪಕ್ಕೆ ತರುವುದೆಂದರೆ ಇಷ್ಟೇ.

201 ಅಂಕಿಗಳಿಗೆ ಈ ದಾರಿ ಬಹಳ ಉದ್ದ. ಆದರೆ ಮೂಲವು ಪೂರ್ಣಾಂಕವೆಂದು ಮೊದಲೇ ಗೊತ್ತಿದ್ದರೆ ಸಂಖ್ಯೆಯನ್ನು ಎರಡು ತುದಿಗಳಿಂದಲೂ ಹಿಡಿಯಬಹುದು. ಡಲ್ಲಾಸಿನ ಸಂಖ್ಯೆ 91674ರಿಂದ ಆರಂಭವಾಗುತ್ತದೆ. ಅದರ ಲಘುಗಣಕ, ಅಂದರೆ ಲಾಗರಿದಮ್, ಸುಮಾರು 200.9622. ಇದನ್ನು 23ರಿಂದ ಭಾಗಿಸಿ ಬಂದ 8.7375ಕ್ಕೆ ಸಲ್ಲುವ ಸಂಖ್ಯೆಯನ್ನು ಹುಡುಕಿದರೆ ಉತ್ತರದ ಮೊದಲ ಅಂಕಿಗಳಾದ 546 ಕಾಣಿಸಿಕೊಳ್ಳುತ್ತವೆ. ಮೂಲದ ಕ್ರಮ ಏರಿದಷ್ಟೂ ಲೆಕ್ಕ ಕಠಿಣವಾಗಬೇಕೆಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಮೂಲವು ನೂರಕ್ಕೆ ಒಂದರಷ್ಟು ಹೆಚ್ಚಿದರೆ 23ನೆಯ ಘಾತವು ನೂರಕ್ಕೆ ಸುಮಾರು 25ರಷ್ಟು ಹೆಚ್ಚುವುದರಿಂದ, ಘಾತವನ್ನು ಒರಟಾಗಿ ಅಂದಾಜಿಸಿದರೂ ಮೂಲ ನವಿರಾಗಿಯೇ ದೊರೆಯುತ್ತದೆ.

ಇನ್ನೊಂದು ತುದಿಯ ಸೊಬಗು ಇದಕ್ಕಿಂತ ಹೆಚ್ಚು. ಆ ಸಂಖ್ಯೆಯ ಕೊನೆಯ ಎರಡು ಅಂಕಿಗಳು 71. 2ರಿಂದಾಗಲಿ 5ರಿಂದಾಗಲಿ ಭಾಗವಾಗದ ಯಾವುದೇ ಸಂಖ್ಯೆಯ ಘಾತಗಳನ್ನು ಬರೆಯುತ್ತ ಹೋದರೆ, ಕೊನೆಯ ಎರಡು ಅಂಕಿಗಳು ಪ್ರತಿ 20 ಘಾತಗಳಿಗೊಮ್ಮೆ ಮರುಕಳಿಸುತ್ತವೆ. ಹಾಗಾಗಿ 23ನೆಯ ಘಾತದ ಅಂತ್ಯವೂ ಘನದ ಅಂತ್ಯವೂ ಒಂದೇ. ಇದನ್ನು ಹಿಂದಕ್ಕೆ ತಿರುಗಿಸಲು 71ರ ಏಳನೆಯ ಘಾತವನ್ನು ತೆಗೆದುಕೊಂಡರೆ ಸಾಕು, ಏಕೆಂದರೆ 3ನ್ನು 7ರಿಂದ ಗುಣಿಸಿದರೆ 21, ಅಂದರೆ ಒಂದು ಪೂರ್ಣ ಸುತ್ತಿನ ಮೇಲೆ ಒಂದು. ಆ ಘಾತದ ಕೊನೆಯಲ್ಲಿ 91 ಇದೆ. ಉತ್ತರದ ಕೊನೆಯಲ್ಲಿಯೂ ಅದೇ. ಮೂಲ ತೆಗೆಯುವ ಕೆಲಸವನ್ನು ಘಾತಕ್ಕೆ ಏರಿಸುವ ಕೆಲಸವೇ ಮಾಡಿಕೊಡುತ್ತದೆ! ಇವು ಸಂಖ್ಯೆ ತಾನಾಗಿ ತೆರೆದಿಡುವ ದಾರಿಗಳು. ಒಂಬತ್ತು ಅಂಕಿಗಳ ಉತ್ತರವನ್ನು ಒಂದು ನಿಮಿಷದೊಳಗೆ ಮುಟ್ಟಿದ ಮನಸ್ಸು ಬೇರೆಯೇ ಒಂದು ವಿಸ್ಮಯ.

ಅದೇ 1977ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಇದೇ ಗಣಿತದ ಮೇಲೆ ಒಂದು ಗೂಢಲಿಪಿಯನ್ನು ಕಟ್ಟಿದರು. ಅದರಲ್ಲಿ ಸಂದೇಶವನ್ನು ಸಂಖ್ಯೆಯಾಗಿಸಿ, ದೊಡ್ಡ ಘಾತಕ್ಕೆ, ಇಂದು ಸಾಮಾನ್ಯವಾಗಿ 65,537ಕ್ಕೆ, ಏರಿಸಿ, ಒಂದು ಬೃಹತ್ ಸಂಖ್ಯೆಯಿಂದ ಭಾಗಿಸಿ, ಶೇಷವನ್ನಷ್ಟೇ ಕಳುಹಿಸಲಾಗುತ್ತದೆ. ಮೇಲಿನ ತುದಿಯ ಸುಳಿವು ಅಲ್ಲಿಗೆ ಅಳಿಸಿಹೋಗುತ್ತದೆ, ಏಕೆಂದರೆ ಸಂದೇಶದ ಸಂಖ್ಯೆ ಒಂದೊಂದೇ ಹೆಚ್ಚಿದರೂ ಶೇಷಗಳು ಯಾವ ಏರುಕ್ರಮವನ್ನೂ ಪಾಲಿಸುವುದಿಲ್ಲ. ಉಳಿಯುವುದು ಮರುಕಳಿಕೆಯ ಸುತ್ತು ಮಾತ್ರ. 100ರ ಅಪವರ್ತನಗಳು ಕಣ್ಣೆದುರೇ ಇರುವುದರಿಂದ ಅದರ ಸುತ್ತು 20 ಎಂದು ತಿಳಿಯುತ್ತದೆ. ಎರಡು ಭಾರಿ ಅವಿಭಾಜ್ಯಗಳ ಗುಣಲಬ್ಧವಾದ ಸಂಖ್ಯೆಯ ಸುತ್ತು, ಆ ಎರಡನ್ನೂ ಬಲ್ಲವರಿಗಷ್ಟೇ ಸಿಗುತ್ತದೆ. ಇಂಥ 250 ಅಂಕಿಗಳ ಒಂದು ಸಂಖ್ಯೆಯನ್ನು ಸಂಶೋಧಕರು 2020ರಲ್ಲಿ, ಅಸಂಖ್ಯ ಗಂಟೆಗಳ ಗಣಕಶ್ರಮದಿಂದ, ಒಡೆದರು. ಈಗ ಬಳಕೆಯಲ್ಲಿರುವವು ಸಾಮಾನ್ಯವಾಗಿ 617 ಅಂಕಿಗಳವು.