ಮಂಗನ ಕಾಯಿಲೆ: ಒಂದು ಹನಿ ರಕ್ತದಲ್ಲಿ ಕಿಣ್ವ ಬೀರುವ ಬೆಳಕು

ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆ ಭಾಗದ ಹಿರಿಯರಿಗೆ 1982-83ರ ಆ ದಿನಗಳು ಮರೆಯುವಂಥವಲ್ಲ. ಗೇರುತೋಟಕ್ಕಾಗಿ ಕಾಡು ಕಡಿದ ಪ್ರದೇಶದಲ್ಲಿ ಮಂಗಗಳು ಸತ್ತವು. ಕಾಡಿನಲ್ಲಿ ದುಡಿದವರು ಜ್ವರದಿಂದ ಮಲಗಿದರು. ಅನೇಕರು ಮರಳಿ ಏಳಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಘಟ್ಟದ ಕೆಳಗೂ ಕಾಣಿಸಿಕೊಂಡಿತ್ತು. ಅಂದು ವೈರಾಣುವನ್ನು ಖಚಿತಪಡಿಸಲು ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವವರೆಗೆ ದಿನಗಟ್ಟಲೆ ಕಾಯಬೇಕಾಗಿತ್ತು.

ಅದೇ 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿಗೆ ಡಿಎನ್‌ಎಯ ತುಣುಕೊಂದನ್ನು ಕೊಳವೆಯಲ್ಲಿಯೇ ಇಮ್ಮಡಿಗೊಳಿಸುತ್ತ ಹೋಗುವ ಉಪಾಯ ಹೊಳೆಯಿತು. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಪಿಸಿಆರ್ ಅದೇ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತನೆಯ ಸುತ್ತಿಗೆ ಲೆಕ್ಕ ನೂರು ಕೋಟಿಯನ್ನು ದಾಟುತ್ತದೆ.

ಮಂಗನ ಕಾಯಿಲೆಯ ವೈರಾಣುವಿನಲ್ಲಿರುವುದು ಆರ್‌ಎನ್‌ಎ. ಆದುದರಿಂದ ಮೊದಲು ಒಂದು ಕಿಣ್ವವು ಅದನ್ನು ಡಿಎನ್‌ಎ ಆಗಿ ನಕಲು ಮಾಡುತ್ತದೆ. ಬಳಿಕ ಟ್ಯಾಕ್ ಎಂಬ ಮತ್ತೊಂದು ಕಿಣ್ವದ ಕೆಲಸ. ಬಿಸಿನೀರಿನ ಬುಗ್ಗೆಯ ಸೂಕ್ಷ್ಮಾಣುವಿನಿಂದ ಬಂದ ಇದು ಕುದಿಯುವ ಹಂತದ ಶಾಖಕ್ಕೂ ಕೆಡುವುದಿಲ್ಲ. ಕೊಳವೆಯಲ್ಲಿ ಒಂದು ಸಣ್ಣ ಡಿಎನ್‌ಎ ಎಳೆಯನ್ನೂ ಹಾಕಿರುತ್ತಾರೆ. ಅದರ ಒಂದು ತುದಿಯಲ್ಲಿ ಹೊಳೆಯುವ ಬಣ್ಣ, ಇನ್ನೊಂದು ತುದಿಯಲ್ಲಿ ಆ ಹೊಳಪನ್ನು ಅಡಗಿಸುವ ವಸ್ತು. ವೈರಾಣುವಿನ ನಕಲಿಗೆ ಈ ಎಳೆ ಅಂಟಿಕೊಂಡಿದ್ದರೆ, ದಾರಿಯಲ್ಲಿ ಸಾಗುವ ಟ್ಯಾಕ್ ಅದನ್ನು ಕತ್ತರಿಸುತ್ತದೆ. ಬಣ್ಣ ಬಿಡುಗಡೆಯಾಗಿ ಮಿನುಗುತ್ತದೆ. ಯಂತ್ರವು ಓದುವುದು ವೈರಾಣುವನ್ನಲ್ಲ, ಕಿಣ್ವವು ಮಾಡಿದ ಕೆಲಸವನ್ನು! ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು 2012ರಲ್ಲಿ ಈ ಬಗೆಯ ಪರೀಕ್ಷೆಯನ್ನು ಮಂಗನ ಕಾಯಿಲೆಗಾಗಿ ಪ್ರಕಟಿಸಿತು.

ಇದೇ ಯುಕ್ತಿಯನ್ನು ತಿರುಗಿಸಿ, ಕಿಣ್ವವೊಂದು ಚುರುಕಾಗಿದೆಯೇ ಎಂಬುದನ್ನೇ ಅಳೆಯುವುದೂ ಉಂಟು. ಬಹುಪಾಲು ಕ್ಯಾನ್ಸರ್ ಕೋಶಗಳಲ್ಲಿ ಚುರುಕಾಗಿರುವ ಟೆಲೊಮರೇಸ್ ಕಿಣ್ವವನ್ನು, ಅದು ಸೇರಿಸಿದ ಡಿಎನ್‌ಎಯನ್ನು ಹೆಚ್ಚಿಸಿ ಗುರುತಿಸುವ ವಿಧಾನ 1994ರಲ್ಲಿ ಬಂದಿತು. ಅದು ಬಹುಮಟ್ಟಿಗೆ ಸಂಶೋಧನಾಲಯದ ವಿಷಯ; ನಮ್ಮೂರಿನ ಜ್ವರಕ್ಕೆ ಮರಳೋಣ.

ಎಷ್ಟೇ ಸೂಕ್ಷ್ಮವಾದ ಪರೀಕ್ಷೆಯಾದರೂ ರಕ್ತದಲ್ಲಿ ಇಲ್ಲದ ವೈರಾಣುವನ್ನು ಹೆಚ್ಚಿಸಲಾರದು. ಜ್ವರ ಬಂದ ಮೊದಲ ಕೆಲವು ದಿನಗಳೇ ಈ ಪರೀಕ್ಷೆಗೆ ಸಕಾಲ. ತಡವಾದರೆ ದೇಹವು ಉತ್ಪಾದಿಸಿದ ಪ್ರತಿಕಾಯಗಳನ್ನು ಹುಡುಕಬೇಕಾಗುತ್ತದೆ. ಆದರೆ ನಮ್ಮಲ್ಲಿ ನಾಲ್ಕು ದಿನ ಕಷಾಯ, ಮತ್ತೆರಡು ದಿನ ಅಂಗಡಿಯ ಮಾತ್ರೆ ಎಂದು ಕಳೆಯುವುದೇ ವಾಡಿಕೆ! ಡೆಂಗಿಯಲ್ಲಿಯೂ ಇಲಿಜ್ವರದಲ್ಲಿಯೂ ತಲೆನೋವು, ಮೈಕೈನೋವು ಇರುವುದರಿಂದ ಲಕ್ಷಣಗಳಿಂದಲೇ ನಿರ್ಧರಿಸುವುದು ವೈದ್ಯರಿಗೂ ಕಷ್ಟ. ಬಂಟ್ವಾಳದಲ್ಲಿಯೋ ಮೂಡುಬಿದಿರೆಯಲ್ಲಿಯೋ ವಾಸಿಸುವವರು ಬೆಳ್ತಂಗಡಿಯ ಘಟ್ಟದಂಚಿನ ನೆಂಟರ ತೋಟಕ್ಕೆ ಹೋಗಿ ಬಂದಿದ್ದರೆ, ತರಗೆಲೆ, ಸೊಪ್ಪು, ಸೌದೆ ತರಲು ಕಾಡು ಹೊಕ್ಕಿದ್ದರೆ, ಸತ್ತ ಮಂಗವನ್ನು ಕಂಡಿದ್ದರೆ ಕೇಳದಿದ್ದರೂ ಅದನ್ನು ವೈದ್ಯರಿಗೆ ಹೇಳಬೇಕು.

ಈ ವೈರಾಣುವನ್ನು ಕೊಲ್ಲುವ ಔಷಧಿಯೇ ಇಲ್ಲದಿರುವಾಗ ಪರೀಕ್ಷೆ ಏತಕ್ಕೆಂದು ಕೆಲವರು ಕೇಳುವುದುಂಟು. ರೋಗ ತಿಳಿದರೆ ರಕ್ತಸ್ರಾವದ ಮೇಲೆ ಕಣ್ಣಿಡಬಹುದು, ಆಸ್ಪಿರಿನ್‌ನಂಥ ಮಾತ್ರೆಗಳನ್ನು ದೂರವಿಡಬಹುದು. ಜ್ವರ ಇಳಿದ ಒಂದೆರಡು ವಾರಗಳ ಬಳಿಕ ಕೆಲವರಲ್ಲಿ ಅದು ಮರುಕಳಿಸಿ ಮಿದುಳನ್ನು ಬಾಧಿಸುವುದರಿಂದ, ಮನೆಯವರು ಆ ಅವಧಿಯಲ್ಲಿಯೂ ಎಚ್ಚರದಿಂದಿರಬಹುದು. ಊರಿನವರಿಗೂ ಉಣ್ಣಿ ಕಚ್ಚದಂತೆ ಮೈಗೆ ತೈಲ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು ಕಾಡಿಗೆ ಹೋಗಲು ಸಮಯ ಸಿಗುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಈ ಕಾಯಿಲೆಯ ಕಾಲ.