ಚಳಿ ಉಳಿದಿರುವಾಗಲೇ ಮನೆಯ ದುರಸ್ತಿ

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುವುದೆಂಬುದು ಲೋಕರೂಢಿಯ ಮಾತು. ಮಲೆನಾಡಿನ ಚಳಿ ಈ ಮಾತಿಗೆ ಸದಾ ಕಿವಿಗೊಡುವುದಿಲ್ಲ. ಕೆಲವು ವರ್ಷ ಮಾವು ಹೂತ ಮೇಲೂ ಬೆಳಗಿನ ಮಂಜು ಅಂಗಳ ಬಿಟ್ಟು ಕದಲದು. ಯುಗಾದಿಗೆ ಮನೆಯನ್ನು ಅಣಿಗೊಳಿಸಬೇಕಾದ ಗೃಹಸ್ಥರು ಬಿಸಿಲೇರಲೆಂದು ಕಾಯುತ್ತಾರೆ. ಆದರೆ ಸುಣ್ಣ ಬಳಿಯಲು ಈ ತಂಪೇ ಅನುಕೂಲ.

ಸುಣ್ಣವು ಬರಿದೆ ಒಣಗುವ ವಸ್ತುವಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಕಲ್ಲಾಗುವಂಥದು. ಅದಕ್ಕೆ ತೇವವೂ ಬೇಕು, ಕಾಲಾವಕಾಶವೂ ಬೇಕು. ಸುಡುಬಿಸಿಲಿಗೆ ಒಮ್ಮೆಲೇ ಆರಿದ ಸುಣ್ಣ ಗೋಡೆಯನ್ನು ಹಿಡಿಯದೆ, ಒರಗಿದವರ ಬೆನ್ನನ್ನು ಹಿಡಿಯುತ್ತದೆ! ಗೋಡೆಯ ಧೂಳು ತೆಗೆದು, ನೀರು ಚಿಮುಕಿಸಿ, ತೆಳುವಾಗಿ ಎರಡು ಮೂರು ಬಾರಿ ಬಳಿಯುವುದು ಲೇಸು. ಸುಟ್ಟ ಸುಣ್ಣ ನೀರಿಗೆ ಬಿದ್ದೊಡನೆ ಕುದಿಯುವುದರಿಂದ ಮಕ್ಕಳನ್ನು ದೂರವಿರಿಸಬೇಕು.

ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಆಗಲೇ ಹೆರೆಸಿದವರು ಬೇಸಗೆಯಲ್ಲಿ ಸಂದು ಕಾಣುತ್ತಾರೆ. ಮರ ಕುಗ್ಗಿರುವ ಈ ಒಣ ದಿನಗಳಲ್ಲಿಯೂ ತಾಗುವ ಬಾಗಿಲಿದ್ದರೆ, ಮೊದಲು ಅದರ ತಿರುಪುಗಳನ್ನು ಬಿಗಿಗೊಳಿಸಿ, ಬಳಿಕ ಬಡಗಿಯನ್ನು ಕರೆಯಿರಿ.

ಹಗಲಿನಲ್ಲಿ ಕಿಟಕಿ ಬಾಗಿಲು ಮುಚ್ಚಿ ಹೆಂಚಿನ ಮಾಡನ್ನು ನೋಡಿ. ಅಲ್ಲಿ ಕಾಣುವ ಬೆಳಕಿನ ಚುಕ್ಕೆಗಳೇ ಜೂನ್ ತಿಂಗಳ ಮಳೆಗೆ ದಾರಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ತೆರೆದು ಪ್ರಸಿದ್ಧಿಗೆ ತಂದ ಮಂಗಳೂರು ಹೆಂಚಿನ ಗುಣವೆಂದರೆ, ಒಡೆದುದೊಂದನ್ನೇ ತೆಗೆದು ಬದಲಿಸಬಹುದು. ಮಂಜಿಗೆ ನೆನೆದ ಪಾಚಿ ಜಾರುವುದರಿಂದ, ಹೆಂಚು ಒಣಗಿದ ಮೇಲೆಯೇ ಪಳಗಿದ ಆಳು ಹತ್ತಲಿ.

ಮಳೆ ಹಿಡಿದ ಮೇಲೆ ಆಳು ಸಿಗುವುದು ದುರ್ಲಭ. ಆಗ ಸೋರುವೆಡೆಗೆ ಪಾತ್ರೆಯೊಡ್ಡಿ ರಾತ್ರಿಯಿಡೀ ಎಚ್ಚರವಿರುವ ಪಾಡು ಹೆಚ್ಚಾಗಿ ಗೃಹಿಣಿಯದೇ. ಅವಳ ನಿದ್ರೆಯನ್ನು ಉಳಿಸುವ ಕೆಲಸಕ್ಕೆ ಈ ಚಳಿಯೇ ಸುಮುಹೂರ್ತ.